ಮುಕ್ಕಾಲಣ್ಣನ ಮಂಚ

ಅವರ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಅಲ್ಲಿಂದಾಚೆಗೆ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ನಮ್ಮ ಕಾರ್ಖಾನೆಯಲ್ಲಿ ಎಲ್ಲರಿಗೂ ಅವರು ಮುಕ್ಕಾಲಣ್ಣ. ಮಂಚವಾಗಲಿ ಸೋಫಾ ಆಗಲಿ, ಇರಬೇಕಾದ್ದಕ್ಕಿಂತ ಚಿಕ್ಕದಾಗಿ ಮಾಡುವುದೇ ಅವರ ಕೆಲಸ. ಸರಿಯಾಗಿ ಮಾಡಲು ಬರದೆ ಅಲ್ಲ, ಹಾಗೇ ಮಾಡಿ ಎಂದು ಅವರಿಗೆ ಸಂಬಳ ಕೊಡುತ್ತಿದ್ದರು.

ಬಿಡಿಸಿ ಹೇಳುತ್ತೇನೆ. ಫ್ಲ್ಯಾಟು ಕಟ್ಟುವವರು ಕಟ್ಟಡ ಏಳುವ ಮೊದಲೇ ಒಂದು ಶೆಡ್ಡಿನೊಳಗೆ ಮಾದರಿ ಮನೆ ಮಾಡಿ ಜನರಿಗೆ ತೋರಿಸುತ್ತಾರೆ. ಅದನ್ನು ಸಿಂಗರಿಸಿಕೊಡುವುದು ನಮ್ಮ ಕಂಪನಿ. ಪರದೆ, ಹೊದಿಕೆ, ದೀಪ ಆರಿಸುವುದು ನಾನು, ಮಂಚ ಸೋಫಾ ಮುಕ್ಕಾಲಣ್ಣನದು. ಕೋಣೆ ದೊಡ್ಡದಾಗಿ ಕಾಣಬೇಕು, ಗೋಡೆ ಸರಿಸುವಂತಿಲ್ಲ. ಅದಕ್ಕೇ ಮಂಚ ಕುಗ್ಗುತ್ತದೆ. ಆರೂಕಾಲು ಅಡಿ ಇರಬೇಕಾದದ್ದು ಐದೇ ಅಡಿ. ತಲೆಯ ಕಡೆ ಆರೇಳು ದಿಂಬು ಪೇರಿಸಿ, ಕಾಲ ಕಡೆ ಒಂದು ಶಾಲು ಇಳಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಮಂಚದ ಮೇಲೆ ಮಲಗಿ ನೋಡುವಷ್ಟು ನಾಚಿಕೆಗೆಟ್ಟ ಗಿರಾಕಿಯನ್ನು ನಾನು ಇವತ್ತಿಗೂ ಕಂಡಿಲ್ಲ.

ನಾನೇನು ಸಾಚಾ ಅಲ್ಲ. ಮೊಳದುದ್ದದ ಕಿಟಕಿಗೂ ಪರದೆಯ ಸರಳನ್ನು ಸೂರಿಗೆ ತಾಗುವಂತೆ ಹೊಡೆಸಿ, ನೆಲ ಮುಟ್ಟುವ ತಿಳಿ ಹಾಲುಬಣ್ಣದ ಲಿನನ್ ಪರದೆ ಬಿಡುತ್ತಿದ್ದೆ. ಅದರ ಹಿಂದೆ ಒಂದು ಟ್ಯೂಬ್‌ಲೈಟು. ಶೆಡ್ಡಿನೊಳಗೆ ಕಿಟಕಿಯಾಚೆ ಏನೂ ಇಲ್ಲ, ಆದರೂ ಅಲ್ಲಿ ಸದಾ ಬೆಳಿಗ್ಗೆ ಒಂಬತ್ತು ಗಂಟೆಯ ಬಿಸಿಲು. ಕೋಣೆಗಳಿಗೆ ಬಾಗಿಲನ್ನೇ ಇಡುತ್ತಿರಲಿಲ್ಲ. ಬಾಗಿಲಿದ್ದರೆ ತೆಗೆಯಬೇಕು, ತೆಗೆದರೆ ಜಾಗ ತಿನ್ನುತ್ತದೆ. ಜನ ಒಳಗೆ ಬಂದು, 'ಅಬ್ಬ, ಎಷ್ಟು ಬೆಳಕು!' ಎನ್ನುತ್ತಿದ್ದರು. ಆಗ ನನಗೆ ಎಲ್ಲಿಲ್ಲದ ಹೆಮ್ಮೆ, ಈಗ ನೆನೆದರೆ ಮೈ ಪರಚಿಕೊಳ್ಳುವಂತಾಗುತ್ತದೆ.

ಮುಕ್ಕಾಲಣ್ಣ ತಮಾಷೆಯ ಮನುಷ್ಯ. ಐವತ್ತೈದು ದಾಟಿದ್ದರೂ ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದರೆ, "ಮುಕ್ಕಾಲು ಭಾಗ ಆಗಿತ್ತು, ಅಷ್ಟಕ್ಕೇ ನಿಲ್ಲಿಸಿದೆ" ಎನ್ನುತ್ತಿದ್ದರು. ಆದರೆ ಕೆಲಸದಲ್ಲಿ ತಮಾಷೆ ಇಲ್ಲ. ಮರ ಒಣಗಿದೆಯೇ ಎಂದು ಕೆನ್ನೆಗೊತ್ತಿ ನೋಡುವರು, ಹೊಲಿಗೆ ಒಂದು ನೂಲು ಓರೆಯಾದರೂ ಬಿಚ್ಚುವರು. ಪ್ರತಿ ಮಂಚದ ಅಡಿಯಲ್ಲಿ, ಬಟ್ಟೆ ಮಡಚಿ ಹೊಡೆದ ಮೂಲೆಯಲ್ಲಿ, ಹಸಿರು ದಾರದ ಮೂರು ಹೊಲಿಗೆ ಹಾಕುವರು. ಅದು ಅವರ ಗುರುತು. "ಯಾರು ಬಗ್ಗಿ ನೋಡ್ತಾರಣ್ಣ?" ಎಂದು ನಾನು ಒಮ್ಮೆ ಕೇಳಿದ್ದೆ. "ನೋಡ್ದೆ ಇದ್ರೂ ಇರ್ಲಿ ತಂಗಿ. ಮಂಚ ಸುಳ್ಳಾದ್ರೂ ಹೊಲಿಗೆ ಸುಳ್ಳಾಗ್ಬಾರ್ದು" ಎಂದರು.

ಮನೆಯಲ್ಲಿ ಮಾತ್ರ ಅವರು ಈ ಸುಳ್ಳಿನ ಸುದ್ದಿ ಎತ್ತಿರಲಿಲ್ಲ. ಅಮ್ಮನಿಗೂ ಅಕ್ಕನಿಗೂ ಅವರು ಹೇಳಿದ್ದು, ದೊಡ್ಡ ದೊಡ್ಡ ಮನೆಗಳಿಗೆ ಮಂಚ ಮಾಡುತ್ತೇನೆ ಎಂದು. ಅಕ್ಕ ಶಿಶುವಿಹಾರದ ಟೀಚರಾಗಿದ್ದು ನಿವೃತ್ತರಾದವರು. ಅಮ್ಮನಿಗೆ ಸೊಂಟದ ಮೂಳೆ ಮುರಿದು ನಾಲ್ಕು ವರ್ಷವಾಗಿತ್ತು. ಮೂರನೇ ಮಹಡಿ, ಲಿಫ್ಟಿಲ್ಲ, ಒಳಕೋಣೆಯಲ್ಲಿ ಮಂಚ, ಗಾಲಿಕುರ್ಚಿ ತಿರುಗದ ಓಣಿಯಂಥ ಮನೆ. ಮುದುಕಿಗೆ ಇದ್ದದ್ದು ಒಂದೇ ಆಸೆ. ಯಾರನ್ನೂ ಕರೆಯದೆ, ತಾನೇ ಕುರ್ಚಿ ತಳ್ಳಿಕೊಂಡು ಕಿಟಕಿಯ ಹತ್ತಿರ ಹೋಗಿ, ಬೀದಿಯಲ್ಲಿ ಓಡಾಡುವವರನ್ನು ನೋಡಬೇಕು. ಅದಕ್ಕಾಗಿ ಅಕ್ಕ ಮನೆ ಹುಡುಕುತ್ತಿದ್ದರು. ಕುರ್ಚಿಯ ಅಗಲಕ್ಕೆ ಗಂಟು ಹಾಕಿದ ಒಂದು ದಾರ ಅವರ ಕೈಚೀಲದಲ್ಲಿ ಸದಾ ಇರುತ್ತಿತ್ತು.

ಆ ಅಕ್ಕ ಒಂದು ಭಾನುವಾರ ನಮ್ಮ ಮಾದರಿ ಮನೆಗೆ ಬಂದರು. ಅವರು ಯಾರೆಂದು ಆಗ ನನಗೆ ಗೊತ್ತಿರಲಿಲ್ಲ. ದೀಪದ ಬುರುಡೆ ಬದಲಿಸುತ್ತ ನಿಂತಿದ್ದೆ. ಅರವತ್ತರ ಹೆಂಗಸೊಬ್ಬರು ಮಂಚಕ್ಕೂ ಎದುರು ಗೋಡೆಗೂ ನಡುವೆ ದಾರ ಹಿಡಿದು ಅಳೆದರು. ಗಂಟು ದಾಟಿ ಇನ್ನೂ ನಾಲ್ಕು ಬೆರಳು ಜಾಗ ಉಳಿಯಿತು. ಆಮೇಲೆ ಮಂಡಿಯೂರಿ ಮಂಚದ ಅಡಿಗೆ ಇಣುಕಿದರು. ಎದ್ದಾಗ ಅವರ ಮುಖ ಅರಳಿತ್ತು.

"ಇದು ಸರಿಯಾದ ಅಳತೆ ಮಂಚಾನೇ ಅಲ್ವೇನಮ್ಮ?" ಎಂದು ಕೇಳಿದರು.

ಹಾಗೆ ಕೇಳಿದವರಿಗೆ ಹೇಳಬೇಕಾದ ಮಾತನ್ನು ನಮಗೆಲ್ಲ ಬಾಯಿಪಾಠ ಮಾಡಿಸಿದ್ದರು. "ಇಬ್ಬರು ಆರಾಮಾಗಿ ಮಲಗಬಹುದು ಮೇಡಂ" ಎಂದು ಹೇಳಿ ನಾನು ಪರದೆಯ ಹಿಂದಿನ ದೀಪ ಹಾಕಿದೆ. ಅವರು ಆ ಬೆಳಕನ್ನು ತುಂಬ ಹೊತ್ತು ನೋಡಿದರು.

ಮರುದಿನ ಮುಕ್ಕಾಲಣ್ಣ ಕೆಲಸಕ್ಕೆ ಬಂದಾಗ ಅವರ ಮುಖದಲ್ಲಿ ರಕ್ತವಿರಲಿಲ್ಲ. ಅಕ್ಕ ಫ್ಲ್ಯಾಟಿಗೆ ಸಹಿ ಹಾಕಿದ್ದರು, ತಮ್ಮನಿಗೆ ಸಂಜೆ ಸುದ್ದಿ ಹೇಳಿದ್ದರು. "ನನ್ನ ಹಸಿರು ದಾರ ನೋಡಿದ್ಲಂತೆ. 'ನಿನ್ನ ಮಂಚ ಅಂತ ಗೊತ್ತಾದ್ಮೇಲೆ ಇನ್ನೇನು ಯೋಚನೆ ಕಣೋ, ನಿನ್ನ ಅಳತೆ ತಪ್ಪುತ್ತಾ' ಅಂದ್ಲು" ಎಂದರು.

ದಾರ ಹಿಡಿದು ಬಂದಿದ್ದವರು ಯಾರೆಂದು ನನಗೆ ಆಗ ಹೊಳೆಯಿತು. "ನೀವೇನಂದ್ರಿ?"

"ಒಳ್ಳೇದಾಯ್ತಕ್ಕ ಅಂದೆ."

ಮುಕ್ಕಾಲಣ್ಣನ ಮೇಲೆ ನನಗೆ ಕೆಟ್ಟ ಸಿಟ್ಟು ಬಂತು. ಇವತ್ತೇ ಹೋಗಿ ಹೇಳಿ ಎಂದೆ. ಹೂಂ ಎಂದರು. ಮರುದಿನವೂ ಹೂಂ ಎಂದರು. ಒಂದು ದಿನ ಫ್ಲ್ಯಾಟು ಕಟ್ಟುವವರ ಕಚೇರಿಗೆ ಹೋಗಿ ಸಹಿ ರದ್ದು ಮಾಡಬಹುದೇ ಎಂದು ಮ್ಯಾನೇಜರನ್ನು ಕೇಳಿದರಂತೆ. ಆತ ನಕ್ಕು, ನಕ್ಷೆಯಲ್ಲಿ ಅಳತೆ ಬರೆದೇ ಇದೆಯಲ್ಲ ಎಂದನಂತೆ. ಬರೆದದ್ದು ನಿಜ. ಅಕ್ಕ ಓದಬಲ್ಲವರು. ಆದರೆ ಕಾಗದದ ಅಂಕಿಗಿಂತ ತಮ್ಮನ ಹೊಲಿಗೆಯನ್ನು ನಂಬಿದ್ದರು.

ಹೀಗೆ ಎರಡು ವರ್ಷ ಕಳೆಯಿತು. ಗೋಡೆಗಳು ಎದ್ದ ಮೇಲೆ ಮುಕ್ಕಾಲಣ್ಣ ಟೇಪು ಹಿಡಿದು ಮೂರು ಸಲ ಹೋಗಿ ಅಳೆದು ಬಂದರು, ಗೋಡೆ ಮನಸ್ಸು ಬದಲಾಯಿಸುತ್ತದೆ ಎನ್ನುವ ಹಾಗೆ. ಅತ್ತ ಅಕ್ಕ ಪರದೆ ಬಟ್ಟೆಯ ಬಗ್ಗೆ ತಮ್ಮನ ಕೈಲಿ ನನಗೆ ಚೀಟಿ ಕಳಿಸುತ್ತಿದ್ದರು. ಮಾದರಿ ಮನೆಯಲ್ಲಿದ್ದದ್ದೇ ಬೇಕು, ಅದೇ ಬಣ್ಣ, ಅದೇ ದೀಪ. ನಾನು ಬಟ್ಟೆ ಕತ್ತರಿಸಿ ಹೊಲಿಸಿಟ್ಟೆ. ನಾನೂ ಬಾಯಿ ಬಿಡಲಿಲ್ಲ. ಅವರ ಅಕ್ಕ, ಅವರೇ ಹೇಳಲಿ ಎಂದುಕೊಂಡೆ. ಹೇಳದಿರಲು ಅದೊಂದು ಒಳ್ಳೆಯ ನೆಪವಾಗಿತ್ತು.

ಸಾಮಾನು ಸಾಗಿಸಿದ ದಿನ ನಾನು ಪರದೆ ಹಿಡಿದು ಹೋದೆ. ಒಂದೇ ಮಲಗುವ ಕೋಣೆ. ಅಮ್ಮನ ಮಗ್ಗುಲು ಬದಲಿಸಲು ಅಕ್ಕ ಪಕ್ಕದಲ್ಲೇ ಮಲಗಬೇಕು, ಅದಕ್ಕೇ ಹಳೆಯ ಜೋಡಿ ಮಂಚವನ್ನೇ ತಂದಿದ್ದರು. ಮಂಚ ಇಳಿಸಿದ ಮೇಲೆ ಕಾಲ ಕಡೆ ಉಳಿದದ್ದು ಒಂದೂಕಾಲು ಅಡಿ. ತಿರುಗಿಸಿ ಹಾಕಿದರೆ ಬಾಗಿಲು ತೆರೆಯಲಿಲ್ಲ. ಅಮ್ಮ ಹೊಸ್ತಿಲಾಚೆ ಗಾಲಿಕುರ್ಚಿಯಲ್ಲಿ ಕೂತು ಕಾಯುತ್ತಿದ್ದರು. ಅಕ್ಕ ಚೀಲದಿಂದ ದಾರ ತೆಗೆದು ಹಿಡಿದರು. ಗಂಟು ಗೋಡೆಗೆ ಮುಟ್ಟಿ ಮಡಚಿಕೊಂಡಿತು. ಇನ್ನೊಮ್ಮೆ ಹಿಡಿದರು.

"ಮೋಸ ಮಾಡಿದ್ದಾರೆ ಕಣೋ! ಗೋಡೆ ಒಳಗೆ ತಳ್ಳಿ ಕಟ್ಟಿದ್ದಾರೆ. ನಡಿ, ಈಗ್ಲೇ ಹೋಗಿ ಗ್ರಹಚಾರ ಬಿಡಿಸ್ತೀನಿ" ಎಂದು ಅಕ್ಕ ಸೆರಗು ಸಿಕ್ಕಿಸಿಕೊಂಡರು.

"ಗೋಡೆ ಸರಿಯಾಗಿದೆ ಅಕ್ಕ" ಎಂದರು ಮುಕ್ಕಾಲಣ್ಣ. "ಅಲ್ಲಿ ನೋಡಿದ್ಯಲ್ಲ, ಆ ಮಂಚ ಸುಳ್ಳು. ನಾನೇ ಚಿಕ್ಕದಾಗಿ ಮಾಡಿದ್ದು. ಎಲ್ಲಾನೂ ಹಾಗೇ ಮಾಡೋದು, ಹದಿನೆಂಟು ವರ್ಷದಿಂದ."

ಅಕ್ಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ನಿನ್ನ ಹಸಿರು ದಾರ ಇತ್ತಲ್ಲೋ" ಎಂದರು. ಬೈದಿದ್ದರೆ ಚೆನ್ನಾಗಿತ್ತು. ಮತ್ತೆ ಅದನ್ನೇ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು. ಗುರುತು ಹಿಡಿದರೆಂದು ಕಣ್ಣಲ್ಲೇ ತಿಳಿಯಿತು. ನಾನು ತಲೆ ತಗ್ಗಿಸಿ ಪರದೆಯ ಮಡಿಕೆ ಸರಿಮಾಡಿದೆ.

ಮಾತಾಡಿದ್ದು ಬಾಗಿಲಾಚೆಯಿದ್ದ ಅಮ್ಮ. "ಅಲ್ಲಿ ಇಟ್ಟಿದ್ಯಲ್ಲ, ಅಂಥದ್ದೇ ಒಂದು ಇಲ್ಲಿಗೂ ಮಾಡ್ಕೊಡು ಮಗಾ. ನನ್ನ ಕಾಲಿಗೆ ಹೇಗೂ ಕೆಲ್ಸ ಇಲ್ಲ, ಮಡಚ್ಕೋತೀನಿ."

"ಅದ್ರ ಮೇಲೆ ಮನುಷ್ಯರು ಮಲಗಕ್ಕಾಗಲ್ಲಮ್ಮ."

"ಕುರ್ಚಿ ಹೋಗುತ್ತೋ ಇಲ್ವೋ ಅಷ್ಟು ಹೇಳು."

ವಾರದೊಳಗೆ ಮಾಡಿಕೊಟ್ಟರು. ಸಾಗುವಾನಿ ಮರ, ಮೆತ್ತನೆಯ ಹತ್ತಿ, ಐದು ಅಡಿ. ಅದನ್ನು ಇಳಿಸಿದ ದಿನ ನಾನೂ ಮತ್ತೆ ಪರದೆ ಹಿಡಿದು ಹೋಗಿದ್ದೆ. ಬಗ್ಗಿ ನೋಡಿದೆ, ಅಡಿಯಲ್ಲಿ ಹಸಿರು ದಾರ ಇರಲಿಲ್ಲ. ಅಮ್ಮ ಎತ್ತರದ ಹೆಂಗಸು. ಮಂಡಿ ಮಡಚಿ, ಬೆನ್ನು ಬಾಗಿಸಿ ಮಲಗಿದರು. ಅಕ್ಕ ಓರೆಯಾಗಿ ಪಕ್ಕದಲ್ಲಿ ಮುದುಡಿಕೊಂಡು, "ಸಾಕು, ಹಿಡಿಸುತ್ತೆ" ಎಂದರು, ತಮ್ಮನ ಮುಖ ನೋಡದೆ.

ಆಮೇಲೆ ಅಮ್ಮ ಕುರ್ಚಿಯಲ್ಲಿ ಕೂತರು. ಯಾರೂ ಹಿಡಿಯಬೇಡಿ ಎಂದು ಕೈಸನ್ನೆ ಮಾಡಿ, ಗಾಲಿ ತಳ್ಳಿಕೊಂಡು ಮಂಚದ ಕಾಲ ಕಡೆಯಿಂದ ಕಿಟಕಿಯವರೆಗೆ ಹೋದರು. ಕುರ್ಚಿ ಎಲ್ಲೂ ತಾಗಲಿಲ್ಲ. ಕಿಟಕಿ ಅವರ ತಲೆಗಿಂತ ಮೇಲಿತ್ತು. ಕತ್ತು ಎತ್ತಿ ನೋಡಿದರು. ಪಕ್ಕದ ಕಟ್ಟಡದ ಗೋಡೆ, ಅದರ ಮೇಲೊಂದು ಕೊಳಾಯಿ. ಬೀದಿ ಆ ಕಡೆಗೆ ಇರಲೇ ಇಲ್ಲ. ಮಾದರಿ ಮನೆಯಲ್ಲಿ ಆ ಗೋಡೆಯನ್ನು ಬೆಳಕು ಮಾಡಿ ತೋರಿಸಿದ್ದು ನಾನು.

"ಆ ಪರದೆ ತಂದಿದ್ಯಲ್ಲ, ಹಾಕ್ಬಿಡಮ್ಮ" ಎಂದರು ನನಗೆ.

ಕೈಗೆ ಅಭ್ಯಾಸವಾಗಿಹೋಗಿದೆ, ಸರಳನ್ನು ಸೂರಿಗೆ ತಾಗುವಂತೆಯೇ ಹೊಡೆಸಿದೆ. ಹಾಲುಬಣ್ಣದ ಬಟ್ಟೆ ನೆಲ ಮುಟ್ಟಿತು. ಅದರ ಹಿಂದೆ ಅಕ್ಕ ಕೇಳಿದ್ದ ಟ್ಯೂಬ್‌ಲೈಟನ್ನೂ ಸಿಕ್ಕಿಸಿ ಸ್ವಿಚ್ ಹಾಕಿದೆ. ಮುಕ್ಕಾಲಣ್ಣ ಅಷ್ಟರಲ್ಲಿ ಮೆಟ್ಟಿಲ ಹತ್ತಿರ ಹೋಗಿ ಗೋಡೆಗೆ ಮುಖ ಮಾಡಿ ನಿಂತಿದ್ದರು.

"ಈಗ ಎಷ್ಟು ದೊಡ್ಡ ಕಿಟಕಿ ಆಯ್ತು ನೋಡು" ಎಂದರು ಅಮ್ಮ.

ಈಗಲೂ ನಾನು ಪರದೆ ಆರಿಸುತ್ತೇನೆ, ಮುಕ್ಕಾಲಣ್ಣ ಐದಡಿಯ ಮಂಚ ಮಾಡುತ್ತಾರೆ. ಇಬ್ಬರಿಗೂ ಬೇರೆ ಕೆಲಸ ಗೊತ್ತಿಲ್ಲ. ತಿಂಗಳಿಗೊಮ್ಮೆ ಅಮ್ಮನನ್ನು ನೋಡಿ ಬರುತ್ತೇನೆ. ಅವರು ದಿನಾ ಕುರ್ಚಿ ತಳ್ಳಿಕೊಂಡು ಆ ಪರದೆಯ ಮುಂದೆ ಹೋಗಿ ಕೂರುತ್ತಾರಂತೆ. ಅದನ್ನು ಸರಿಸಿ ಎಂದು ಇದುವರೆಗೆ ಒಮ್ಮೆಯೂ ಹೇಳಿಲ್ಲವಂತೆ.