ನಾಲಿಗೆ ಮುಟ್ಟದ ಪಾಕ

ಎರಡು ವರ್ಷ ನಾನು ಒಲೆಯನ್ನು ಬೈದೆ. ಪಾಪ, ಒಲೆಯದೇನೂ ತಪ್ಪಿರಲಿಲ್ಲ. ಗೋಕಾಕದಲ್ಲಿ ಕರದಂಟು ಮಾಡುವ ಮನೆಯ ಹಿರಿಸೊಸೆ ನಾನು. ಹಗಲಿಡೀ ಕಡಾಯಿಯ ಮುಂದೆ ಕೂತವಳಿಗೆ ಮೈ ಕಾದರೆ, ಮುಖ ಕೆಂಪೇರಿದರೆ, ಬೆನ್ನ ಮೇಲೆ ಬೆವರು ಇಳಿದರೆ ಇನ್ನು ಯಾರನ್ನು ಬೈಯಬೇಕು? ಕಟ್ಟಿಗೆ ಹಸಿ ತಂದಿದ್ದಾರೆಂದು ಗಂಡನ ಮೇಲೆ ಹರಿಹಾಯ್ದೆ. ಹೊಗೆ ಹೋಗಲು ದಾರಿ ಸಾಲದು ಎಂದು ಹಟ ಹಿಡಿದು ಗೋಡೆಯಲ್ಲಿ ಇನ್ನೊಂದು ಕಿಂಡಿ ಒಡೆಸಿದೆ. ಆ ಕಿಂಡಿಯಿಂದ ಪಕ್ಕದ ಮನೆಯ ಬೆಕ್ಕು ಒಳಗೆ ಬರತೊಡಗಿತೇ ಹೊರತು ನನ್ನ ಸೆಕೆ ಹೊರಗೆ ಹೋಗಲಿಲ್ಲ.

ದೇಶಕ್ಕೆ ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷ ಕಳೆದಿದ್ದ ಕಾಲ. ನನಗೆ ನಲವತ್ತೈದು ದಾಟಿತ್ತು. ನಮ್ಮ ಮನೆಯಲ್ಲಿ ಮುಂದೆ ಅಂಗಡಿ, ಹಿಂದೆ ಅಡುಗೆಮನೆ. ಅಂಗಡಿ ಗಂಡಸರದು, ಒಲೆ ನಮ್ಮದು. ಕೊಬ್ಬರಿ ಹೆರೆಯುವುದು, ಉತ್ತತ್ತಿ ಹೆಚ್ಚುವುದು, ತಿನ್ನುವ ಅಂಟನ್ನು ತುಪ್ಪದಲ್ಲಿ ಕರಿಯುವುದು, ಇವನ್ನು ಯಾರಾದರೂ ಮಾಡಬಹುದು. ಬೆಲ್ಲದ ಪಾಕ ಮಾತ್ರ ಸೌಟು ಹಿಡಿದವಳದು. ಒಂದು ಗಳಿಗೆ ಹೆಚ್ಚಾದರೆ ಕರದಂಟು ಕಲ್ಲಾಗುತ್ತದೆ, ಕಡಿಮೆಯಾದರೆ ಕಾಗದಕ್ಕೆ ಅಂಟುತ್ತದೆ. ಕಣ್ಣು ಮಂಜಾದ ವರ್ಷ ಅತ್ತೆ ಆ ಸೌಟನ್ನು ನನ್ನ ಕೈಗೆ ಕೊಟ್ಟಿದ್ದರು. ಸೌಟು ಯಾರ ಕೈಯಲ್ಲಿದೆಯೋ ಆ ಮನೆಯಲ್ಲಿ ಅವಳ ಮಾತು ನಡೆಯುತ್ತದೆ. ನನ್ನ ಮೈದುನನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಹದಿನೈದು ವರ್ಷದಿಂದ ಮೂಲೆಯಲ್ಲಿ ಕೂತು ಕೊಬ್ಬರಿ ಹೆರೆಯುತ್ತಿದ್ದಳು. ಆಕೆಯ ಕಣ್ಣು ಸೌಟಿನ ಮೇಲಿದೆ ಎಂದು ನಾನು ಖಾತ್ರಿ ಮಾಡಿಕೊಂಡಿದ್ದೆ.

ದಿನದ ಮೊದಲ ಕಡಾಯಿ ದೇವಿಗೆ ಎಡೆ. ಅದನ್ನು ಯಾರೂ ನಾಲಿಗೆಗೆ ಮುಟ್ಟಿಸುವಂತಿರಲಿಲ್ಲ. ನನ್ನ ಕಾರುಬಾರು ಶುರುವಾಗುತ್ತಿದ್ದದ್ದು ಎರಡನೆಯ ಕಡಾಯಿಯಿಂದ. ಸೌಟಿನ ತುದಿಯಿಂದ ಒಂದು ಹನಿ ಪಾಕವನ್ನು ನೀರಿನ ಬಟ್ಟಲಿಗೆ ಬಿಟ್ಟು, ಗಟ್ಟಿಯಾದ ಗುಂಡನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, “ಇನ್ನೊಂದೀಟ ಬರಬೇಕು” ಎನ್ನುತ್ತಿದ್ದೆ. ಕಡಾಯಿಗೆ ನಾಲ್ಕೈದು ಸಲ ಹೀಗೆ. ಇದು ತಿನ್ನುವುದಲ್ಲ, ಕಸುಬು ಎಂದು ನನ್ನ ವಾದ.

ಅಮಾವಾಸ್ಯೆಯಂದು ನಮ್ಮಲ್ಲಿ ಕರದಂಟಿನ ಒಲೆ ಹಚ್ಚುವುದಿಲ್ಲ. ಅಂಥದೊಂದು ಅಮಾವಾಸ್ಯೆ ನಾನು ಪಡಸಾಲೆಯಲ್ಲಿ ತಣ್ಣಗೆ ಕೂತು ಮರದಲ್ಲಿ ಎಳ್ಳು ಕೇರುತ್ತಿದ್ದೆ. ಎದೆಯಿಂದ ಬಿಸಿ ಎದ್ದು ನೆತ್ತಿಗೆ ಏರಿತು. ಎರಡು ನಿಮಿಷದಲ್ಲಿ ಕುಪ್ಪಸ ಒದ್ದೆ.

“ಒಲಿ ತಣ್ಣಗ ಐತಲ್ಲ, ಈಗ ಯಾರನ್ನ ಬೈತಿ?” ಎಂದರು ನನ್ನ ಗಂಡ.

“ನಿಮ್ಮನ್ನ!” ಎಂದು ಕೈಯಲ್ಲಿದ್ದ ಮರವನ್ನೇ ಎಸೆದೆ. ಎಳ್ಳೆಲ್ಲ ಅವರ ಮೀಸೆಯಲ್ಲಿ. ಅವರಿಗೆ ನಗು, ನನಗೆ ಅಳು. ಆಗ ಲೆಕ್ಕ ಹಾಕಿದರೆ ಅಳು ಬರುವಂಥದ್ದು ಬಹಳ ಇತ್ತು. ಮುಟ್ಟು ಮೂರು ತಿಂಗಳಿಗೊಮ್ಮೆ, ಅದೂ ತಪ್ಪಿ. ನಿದ್ದೆ ಇಲ್ಲ. ಬಾಯಾರಿಕೆ ಎಂದರೆ ಕೊಡಗಟ್ಟಲೆ ನೀರು. ಸೊಂಟ ದಪ್ಪವಾಗಿ ಸೀರೆಯಲ್ಲಿ ಒಂದು ನಿರಿಗೆ ಕಡಿಮೆಯಾಗಿತ್ತು. ನಾನು ಹೋಗಿ ಬಂದ ಬಚ್ಚಲಲ್ಲಿ ಇರುವೆ ಸಾಲುಗಟ್ಟುತ್ತಿದ್ದವು. ಇರುವೆಯ ಸುದ್ದಿ ಕೇಳಿದ ಗಂಡ ಮರುದಿನವೇ ಬಸ್ಸು ಹತ್ತಿಸಿ ನನ್ನನ್ನು ಘಟಪ್ರಭಾದ ದವಾಖಾನೆಗೆ ಕರೆದುಕೊಂಡು ಹೋದರು.

ಅಲ್ಲಿದ್ದವರು ನರೆಗೂದಲಿನ ಡಾಕ್ಟರಬಾಯಿ. ಗಾಜಿನ ನಳಿಗೆಯಲ್ಲಿದ್ದ ನೀಲಿ ಔಷಧಕ್ಕೆ ನನ್ನ ಮೂತ್ರದ ಕೆಲವು ಹನಿ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕಾಸಿದರು. ಕಾಸುವುದು ಎಂದರೆ ನಾನು ಬಿಡುತ್ತೇನೆಯೇ? ಕುತ್ತಿಗೆ ಚಾಚಿ ನೋಡಿದೆ. ನೀಲಿ ಹಸಿರಾಯಿತು, ಹಳದಿಯಾಯಿತು, ಆಮೇಲೆ ಕಿತ್ತಳೆ.

“ಪಾಕ ಏರಿತ್ರಿ, ಇಳಿಸ್ರಿ!” ಎಂದುಬಿಟ್ಟೆ.

ಅವರು ನಕ್ಕ ನಗೆಗೆ ಚಸ್ಮಾ ಮೂಗಿನ ತುದಿಗೆ ಜಾರಿತು. “ಖರೇನ ಏರೇತಿ. ನಿಮಗ ಸಕ್ಕರಿ ಬ್ಯಾನಿ ಐತ್ರಿ. ಇವತ್ತಿಂದ ಸಕ್ಕರಿ ಮುಟ್ಟಬ್ಯಾಡ್ರಿ.”

ನನಗೆ ಜೀವ ಬಂದಂತಾಯಿತು. ಕರದಂಟಿಗೆ ನಾವು ಹಾಕುವುದು ಬೆಲ್ಲ. ಸಕ್ಕರೆಯ ಒಂದು ಹರಳೂ ಇಲ್ಲ! ಆ ತಿಂಗಳು ನಾನು ನಡೆದುಕೊಂಡ ಶಿಸ್ತು ಈಗ ನೆನೆಸಿದರೂ ಹೆಮ್ಮೆ. ಚಹಾಕ್ಕೆ ಸಕ್ಕರೆ ಬಿಟ್ಟು ಬೆಲ್ಲ ಹಾಕಿದೆ. ಮೂಡಲಗಿಯ ನನ್ನ ತವರಿನಲ್ಲಿ ಮದುವೆ. ಸಕ್ಕರೆಯ ಶಿರಾ ಬಡಿಸಲು ಬಂದವರಿಗೆ ಕೈ ಅಡ್ಡ ಹಿಡಿದು, “ನಾ ಸಕ್ಕರಿ ಬಿಟ್ಟೀನ್ರಿ” ಎಂದು ಇಡೀ ಪಂಕ್ತಿಗೆ ಕೇಳುವಂತೆ ಹೇಳಿದೆ. ಹೋಳಿಗೆ ಬೆಲ್ಲದ್ದು ಎಂದು ಗೊತ್ತಾದ ಮೇಲೆ ಮೂರು ತಿಂದೆ. ಮನೆಯಲ್ಲಿ ಸೌಟು, ಗುಂಡು, ಬಾಯಿ ಎಂದಿನಂತೆ ನಡೆದಿತ್ತು.

ತಿಂಗಳು ಬಿಟ್ಟು ಹೋದಾಗ ನಳಿಗೆ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ತಿಂದದ್ದನ್ನೆಲ್ಲ ಹೇಳಿಸಿಕೊಂಡ ಡಾಕ್ಟರಬಾಯಿ ತಲೆ ಹಿಡಿದುಕೊಂಡರು. “ಯವ್ವಾ, ಬೆಲ್ಲ ಯಾವುದು ಸಕ್ಕರಿ ಯಾವುದು ನಿಮ್ಮ ಹೊಟ್ಟಿಗೆ ಗೊತ್ತಾಗತೈತೇನ? ಎರಡೂ ಒಂದ ಕಬ್ಬಿನ ಮಕ್ಕಳು!”

ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು, ತಾಯಿ ಹೇಳಿದಂತೆ ಹೇಳಿದರು. “ಮುಟ್ಟು ನಿಲ್ಲೂ ವಯಸ್ಸಿನಾಗ ಮೈಯೊಳಗಿನ ರಸಗಳ ಅಳತಿ ಬದಲಾಗತೈತಿ. ಹಾರ್ಮೋನ್ ಅಂತಾರ ಅವಕ್ಕ. ಸೆಕಿ, ಸಿಟ್ಟು, ನಿದ್ದಿಗೇಡು ಅದರಿಂದನ. ನಿದ್ದಿ ಇಲ್ಲಂದ್ರ ಚಿಂತಿ, ಚಿಂತಿ ಮಾಡಿದ್ರ ತಿನ್ನದಿದ್ರೂ ಸಕ್ಕರಿ ಏರತೈತಿ. ಒಂದನ್ನ ಒಂದು ಕೈ ಹಿಡದು ಎಳೀತಾವ. ಜ್ವಾಳದ ರೊಟ್ಟಿ ಪಲ್ಯ ಉಣ್ರಿ, ದಿನಾ ನಡೀರಿ, ಮಧ್ಯಾಹ್ನ ಅಡ್ಡ ಆಗ್ರಿ. ಪಾಕ ಮಾತ್ರ ನಾಲಿಗಿಗೆ ಮುಟ್ಟಿಸಬ್ಯಾಡ್ರಿ. ಮತ್ತ, ಮನಸಿಗೆ ಏನರ ಚಿಂತಿ ಐತೇನು?”

“ಏನೂ ಇಲ್ರಿ” ಎಂದೆ. ಆ ಕ್ಷಣದವರೆಗೆ ಇರಲಿಲ್ಲ, ಆಗ ಹುಟ್ಟಿತು. ನಾಲಿಗೆ ಇಲ್ಲದೆ ಪಾಕ ನೋಡುವುದು ಹೇಗೆ? ನೋಡಲಾಗದವಳ ಕೈಯಲ್ಲಿ ಸೌಟು ಯಾರು ಬಿಡುತ್ತಾರೆ?

ಮನೆಯಲ್ಲಿ ರೊಟ್ಟಿಯ ಮಾತು ಹೇಳಿದೆ, ನಾಲಿಗೆಯ ಮಾತು ಮುಚ್ಚಿಟ್ಟೆ. ಗುಂಡನ್ನು ಬಾಯಿಗೆ ಹಾಕಿ ಹಿತ್ತಲಿಗೆ ಹೋಗಿ ಉಗುಳುವ ಉಪಾಯ ಮಾಡಿದೆ. ಹಿತ್ತಲ ಬಾಗಿಲು ದೂರ, ಗಂಟಲು ಹತ್ತಿರ. ನಾಲ್ಕರಲ್ಲಿ ಮೂರು ಒಳಗೇ ಇಳಿಯುತ್ತಿದ್ದವು. ಒಂದೊಂದು ನುಂಗಿದಾಗಲೂ ಕಣ್ಣ ಮುಂದೆ ಆ ಇಟ್ಟಿಗೆ ಬಣ್ಣ. ನೆಗೆಣ್ಣಿ ತಲೆ ಎತ್ತಿ ನೋಡಿದರೆ ಸಾಕು, ಸೌಟು ಕೇಳಲು ಬಂದಳೇನೋ ಎಂದು ಅದನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದೆ. ಇದ್ದ ಅಷ್ಟಿಷ್ಟು ನಿದ್ದೆಯೂ ಹೋಯಿತು.

ಹೀಗಿರುವಾಗ ಹುಕ್ಕೇರಿಯ ಮದುವೆ ಮನೆಯೊಂದರಿಂದ ದೊಡ್ಡ ಬೇಡಿಕೆ ಬಂತು. ಬೆಳಿಗ್ಗೆ ದೇವಿಯ ಕಡಾಯಿ ಮುಗಿಸಿ ಮದುವೆಯ ಮೊದಲ ಕಡಾಯಿ ಇಟ್ಟೆ. ಬೆಲ್ಲ ಕರಗಿತು, ನೊರೆ ಎದ್ದಿತು. ಹನಿ ನೀರಿಗೆ ಬಿಟ್ಟು ಗುಂಡು ಎತ್ತಿಕೊಂಡವಳು ಬಾಯಿಯ ಹತ್ತಿರ ಹಿಡಿದು ನಿಂತೇಬಿಟ್ಟೆ. ಒಳಗೆ ಹಾಕಲು ಹೆದರಿಕೆ, ಎಸೆಯಲು ಇನ್ನೂ ಹೆಚ್ಚಿನ ಹೆದರಿಕೆ. ಕೊಬ್ಬರಿ ಹೆರೆಯುವ ಸದ್ದು ನಿಂತಿತು. ತಡೆಯಲಾಗದೆ ಎಲ್ಲ ಹೇಳಿ, “ಸೌಟು ಇನ್ನ ಆಕಿಗೆ ಕೊಡ್ರಿ ಅತ್ತಿ” ಎಂದು ಅತ್ತುಬಿಟ್ಟೆ.

ಗೋಡೆಗೆ ಒರಗಿ ಕೂತಿದ್ದ ಅತ್ತೆ ಸ್ವಲ್ಪವೂ ಗಾಬರಿಯಾಗಲಿಲ್ಲ. “ಪಾಕ ಏರಾಕತ್ತೈತಿ, ಆಮ್ಯಾಲೆ ಅಳುವಂತಿ. ಮುಂಜಾನೆ ದೇವೀ ಕಡಾಯಿ ಯಾರ ಮಾಡಿದ್ರು?”

“ನಾನ.”

“ನೆಕ್ಕಿ ನೋಡಿದೇನು?”

“ಎಡಿ ಹಿಡಿಯೂದನ್ನ ಹೆಂಗ ನೆಕ್ಕಲಿ ಅತ್ತಿ?”

“ಮತ್ತ ಅದು ಹೆಂಗ ಬಂತು?”

ವರ್ಷಗಟ್ಟಲೆ ದಿನಾ ಬೆಳಿಗ್ಗೆ ನಾಲಿಗೆ ಮುಟ್ಟಿಸದೆ ಪಾಕ ಇಳಿಸಿದ್ದೆ. ಒಂದು ದಿನವೂ ಕೆಟ್ಟಿರಲಿಲ್ಲ. ದೇವಿಗೆ ಸಾಲುತ್ತಿದ್ದ ನನ್ನ ಕಣ್ಣು, ಕಿವಿ, ಬೆರಳು ಹುಕ್ಕೇರಿಯವರಿಗೆ ಸಾಲದೆ?

ದೇವಿಯ ಕಡಾಯಿಗೆ ಮಾಡುವಂತೆ ಗುಂಡನ್ನು ತಾಟಿಗೆ ಎಸೆದೆ. ಮೆತ್ತಗೆ ಬಿದ್ದಿತು. ಸೌಟು ಆಡಿಸಿದೆ, ಇನ್ನೊಂದು ಹನಿ ಬಿಟ್ಟೆ, ಎಸೆದೆ. ಠಣ್ ಎಂದಿತು.

“ಇಳಸು!” ಎಂದು ಅತ್ತೆ, “ಇಳಸ್ತೀನ್ರಿ!” ಎಂದು ನಾನು, ಇಬ್ಬರೂ ಒಟ್ಟಿಗೆ.

ಕೊಬ್ಬರಿ, ಅಂಟು ಸುರಿಯಲು ಓಡಿ ಬಂದ ನೆಗೆಣ್ಣಿ ನಗುತ್ತ ಅಂದಳು: “ಅಕ್ಕಾ, ಸೌಟು ನನಗ್ಯಾಕ? ನಿನ್ನ ಕೆಂಪೇರಿದ ಮಾರಿ ನೋಡಿದ್ರ ಆ ಒಲಿ ಮುಂದ ಕುಂದ್ರಾಕ ಅಂಜಿಕಿ ಬರತೈತಿ. ನೀ ಬೈದೀಯಂತ ನಾ ಹದಿನೈದು ವರ್ಷ ಆ ಕಡೆ ಸುಳದಿಲ್ಲ.” ನಾಚಿಕೆಯಾಯಿತು ನನಗೆ. ಮರುವಾರದಿಂದ ಆಕೆಗೆ ಠಣ್ ಎನ್ನುವ ಸದ್ದು ಕಲಿಸಿದೆ. ದಿನ ಬಿಟ್ಟು ದಿನ ಸೌಟು ಆಕೆಯದಾಯಿತು. ಆ ದಿನಗಳಲ್ಲಿ ನಾನು ಹೊಳೆಯ ತನಕ ನಡೆದು ಬಂದು, ಮಧ್ಯಾಹ್ನ ಗೊರಕೆ ಹೊಡೆದೆ. ಸೆಕೆ ಬಂದರೆ ಹೊಸ ಕಿಂಡಿಯ ಕೆಳಗೆ ಬೆಕ್ಕಿನ ಪಕ್ಕದಲ್ಲಿ ಕೂರುತ್ತಿದ್ದೆ. ಬಂದ ಹಾಗೆ ಹೋಗುತ್ತಿತ್ತು.

ಕೆಲವು ತಿಂಗಳ ಮೇಲೆ ಘಟಪ್ರಭಾದಲ್ಲಿ ನಳಿಗೆ ಕಾಸಿದಾಗ ನೀಲಿ ನೀಲಿಯಾಗಿಯೇ ಉಳಿಯಿತು, ಎಲ್ಲೋ ಒಂದಿಷ್ಟು ಹಸಿರು. “ಇದು ಇನ್ನೂ ಎಳೇ ಪಾಕ್ರಿ” ಎಂದೆ. “ಹಿಂಗ ಎಳೇದ ಇರಲಿ” ಎಂದರು ಡಾಕ್ಟರಬಾಯಿ.

ಮನೆಗೆ ಬಂದು ಅತ್ತೆಗೆ ಸುದ್ದಿ ಹೇಳಿ, ಬಹಳ ದಿನದಿಂದ ಕೊರೆಯುತ್ತಿದ್ದ ಮಾತು ಕೇಳಿದೆ. “ಅತ್ತಿ, ನಾ ಬಾಯಿ ಚಪಲಕ್ಕ ನೆಕ್ಕತಿದ್ನಿ ಅನ್ನೂದು ನಿಮಗ ಮೊದಲ ಗೊತ್ತಿತ್ತೇನ್ರಿ?”

“ನನ್ನ ಕಣ್ಣು ಮಂಜಾಗ್ಯಾವ, ಕಿವಿ ಅಲ್ಲ. ನೀ ಚಪ್ಪರಿಸೂದು ಪಡಸಾಲಿ ತನಕ ಕೇಳತಿತ್ತು.”

“ಮತ್ತ ಒಂದ ದಿನಾನೂ ಬೈಲಿಲ್ಲ?”

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. “ಗಂಡಸರು ಉಂಡು, ಮಕ್ಕಳು ಉಂಡು, ನಾವು ಕುಂದ್ರೂದ್ರಾಗ ಬುಟ್ಟ್ಯಾಗ ಏನ್ ಉಳೀತಿತ್ತವ್ವಾ? ಊರಿಗೆಲ್ಲ ಸಿಹಿ ಮಾಡಾಕಿ ಒಲಿ ಮುಂದರ ಒಂದೀಟ ತಿನ್ನಲಿ ಅಂತ ಸುಮ್ನಿದ್ನಿ. ಅದ ನಿನಗ ಬ್ಯಾನಿ ಆಗತೈತಂತ ನನಗೇನ ಗೊತ್ತು?”

ನಾನು ಒಳಗೆ ಹೋಗಿ ಮೂರು ತಾಟು ತಂದೆ. ಅತ್ತೆಗೊಂದು, ನೆಗೆಣ್ಣಿಗೊಂದು, ನನಗೊಂದು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು ಬಡಿಸಿದೆ. ನನ್ನ ಗಂಡ ಅಂಗಡಿಯಿಂದ ಒಳಗೆ ಇಣುಕಿ, “ಊಟಾ ಆತೇನು?” ಎಂದು ಕೇಳಿದರು.

“ನಮ್ಮದು ನಡದೈತಿ. ಆದಮ್ಯಾಲೆ ಕರೀತೀನಿ, ಕುಂದರ್ರಿ” ಎಂದೆ. ಅವರು ಒಂದು ಗಳಿಗೆ ನಮ್ಮ ಮೂವರನ್ನೂ ನೋಡಿ, ಅಂಗಡಿಗೆ ಹೋಗಿ ಕೂತರು.