ಆಯುಧಪೂಜೆಗೆ ಇಟ್ಟ ಬೂಟು

ಆಯುಧಪೂಜೆಯ ಬೆಳಗ್ಗೆ, ಪರದೇಶದ ಓಲ್ಡ್ ಬ್ರಿಡ್ಜ್ ಊರಿನ ನಮ್ಮ ಮನೆಯಲ್ಲಿ ಮೊದಲ ಕೆಲಸ ಸ್ಮೋಕ್ ಅಲಾರ್ಮಿಗೆ ಶವರ್ ಕ್ಯಾಪ್ ತೊಡಿಸುವುದು. ಇಲ್ಲದಿದ್ದರೆ ಕರ್ಪೂರ ಹಚ್ಚಿದ ಕೂಡಲೇ ಅದು ಕೇರಿಯನ್ನೆಲ್ಲ ಎಬ್ಬಿಸುತ್ತದೆ. ಅಂದು ಹೊರಗೆ ದಟ್ಟ ಮಂಜು. ಎದುರು ಮನೆಯ ಮೇಪಲ್ ಮರ ಬರೀ ಕೆಂಪು ಬಣ್ಣವಾಗಿ ತೇಲುತ್ತಿತ್ತು. ನಾನಿನ್ನೂ ನಿದ್ದೆಯೊಳಗೇ ಓಡಾಡುತ್ತಿದ್ದೇನೆ ಅನ್ನಿಸುತ್ತಿತ್ತು.

ಮಣೆಯ ಮೇಲೆ ಗಂಡನ ಲ್ಯಾಪ್‌ಟಾಪ್, ನನ್ನ ಸ್ಟೆತಾಸ್ಕೋಪ್, ಕಾರಿನ ಕೀ, ಈಳಿಗೆಮಣೆ ಜೋಡಿಸಿದ್ದೆ.

"ಈಳಿಗೆಗೆ ಎರಡು ಬೊಟ್ಟು ಜಾಸ್ತಿ ಇಡು. ಈ ಮನೇಲಿ ನಿಜವಾದ ಆಯುಧ ಅದೊಂದೇ," ಎಂದು ಗಂಡ ರೇಗಿಸಿದರು.

ಆಗ ಮಗಳು ಬಂದು ತನ್ನ ಬೂಟುಗಳನ್ನು ಅದರ ಪಕ್ಕದಲ್ಲಿಟ್ಟಳು. ಇಲ್ಲೇ ಹುಟ್ಟಿ ಬೆಳೆದು ಇಲ್ಲಿನ ಸೈನ್ಯ ಸೇರಿದವಳು. ಮುಂದಿನ ವಾರ ಯುದ್ಧ ನಡೆಯುತ್ತಿರುವ ಕಡೆಗೆ ಹೊರಡುವವಳಿದ್ದಳು.

"ದೇವರ ಮುಂದೆ ಬೂಟಾ? ತೆಗಿಯೇ!" ಎಂದು ಗದರಿದೆ.

"ಗನ್ ಮನೆಗೆ ತರೋಕಾಗಲ್ಲಮ್ಮ. ದಿಸ್ ಈಸ್ ವಾಟ್ ಐ ಹ್ಯಾವ್."

ಕುಂಕುಮದ ಬಟ್ಟಲು ಹಿಡಿದು ನಿಂತುಬಿಟ್ಟೆ. ವರ್ಷವರ್ಷವೂ ಡ್ರೈವ್‌ವೇಯಲ್ಲಿ ಬೂದುಗುಂಬಳಕ್ಕೆ ಕುಂಕುಮ ತುಂಬಿ ಒಡೆಯುತ್ತೇವೆ. ಹಾಗೆ ಕೆಂಪಗೆ ಹರಡುವುದು ಬಲಿಯ ರಕ್ತದ ಬದಲಿಗೆ ಎಂದು ಗೊತ್ತಿದ್ದೂ, ನೀರು ಬಿಟ್ಟು ತೊಳೆದು ಒಳಗೆ ಬಂದು ಒಬ್ಬಟ್ಟು ತಿನ್ನುತ್ತೇವೆ. ಯುದ್ಧ ನಮ್ಮ ಮನೆಗೆ ಬರುವುದಿಲ್ಲ ಎಂಬ ಧೈರ್ಯದಲ್ಲೇ ಆಯುಧಕ್ಕೆ ಕೈಮುಗಿಯುತ್ತಿದ್ದೆವೇನೋ. ಈಗ ಭಯವಾಯಿತು. ಈ ಬೂಟಿಗೆ ಕುಂಕುಮವಿಟ್ಟರೆ ಯಾರದೋ ಸಾವಿಗೆ ಹೂಂ ಎಂದ ಹಾಗೆ. ಇಡದಿದ್ದರೆ ಮಗಳನ್ನು ಆಶೀರ್ವಾದವಿಲ್ಲದೆ ಕಳಿಸಿದ ಹಾಗೆ.

ಇಟ್ಟೆ. ಕುಂಕುಮ ಲೇಸಿನ ಮೇಲೆಲ್ಲ ಚೆಲ್ಲಿತು. ಕರ್ಪೂರದ ಹೊಗೆಯಲ್ಲಿ ಅವಳ ಮುಖ ಚಿಕ್ಕದಾಗುತ್ತಾ ಹೋಗಿ, ಆರತಿ ತಟ್ಟೆಗೆ ಎಟುಕದೆ ತುದಿಗಾಲಲ್ಲಿ ನಿಲ್ಲುತ್ತಿದ್ದ ವಯಸ್ಸಿಗೆ ಬಂದು ನಿಂತಿತು.

ಅವಳು ನನ್ನ ಕಾಲಿಗೆ ನಮಸ್ಕಾರ ಮಾಡಿ, "ಗೆದ್ದು ಬಾ ಅನ್ನಮ್ಮ," ಎಂದಳು.

"ಯಾರನ್ನೂ ಕೊಲ್ಲದೆ ಬಾ," ಎಂದೆ. ರೋಗಿ ಯಾರೆಂದು ನೋಡದೆ ಬದುಕಿಸುವುದನ್ನು ಕಲಿತ ಡಾಕ್ಟರು ನಾನು. ಆ ಮಾತು ಬಾಯಿಗೆ ಬಂದದ್ದಕ್ಕೆ ಒಳಗೊಳಗೇ ಹೆಮ್ಮೆಯೂ ಆಯಿತು.

ಅವಳು ತಲೆಯೆತ್ತಿ ನೋಡಿದಳು. "ಅಮ್ಮ, ಇಫ್ ಇಟ್ಸ್ ಮೀ ಆರ್ ದೆಮ್?"

ಆ ಕಡೆಯೂ ಒಬ್ಬ ತಾಯಿ ಇರುತ್ತಾಳೆ, ಅವಳೂ ತನ್ನ ದೇವರ ಮುಂದೆ ಹೀಗೇ ನಿಂತಿರುತ್ತಾಳೆ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಯೋಚಿಸಲು ಒಂದು ಉಸಿರಿನಷ್ಟು ಹೊತ್ತೂ ಬೇಕಾಗಲಿಲ್ಲ.

"ನೀನು ಬಾ," ಎಂದೆ.