ಒಪ್ಪಿಸಿಕೊಟ್ಟ ಮಗಳು

ಥಾಣೆಯ ನೌಪಾಡಾದ ಹೋಟೆಲೊಂದರಲ್ಲಿ ಮ್ಯಾನೇಜರನಾಗಿದ್ದ ದಯಾನಂದನಿಗೆ ಜಗಳವೆಂದರೆ ಆಗದು. ಗಿರಾಕಿ ರೇಗಿದರೆ ತಟ್ಟೆಯನ್ನೇ ಬದಲಿಸಿಕೊಡುತ್ತಿದ್ದ. ಹೆಂಡತಿ ರಮಿತಾ ರೇಗಿದರೆ ಮನೆಯಿಂದ ಎದ್ದು ಹೋಟೆಲಿಗೆ ಬಂದು ಕೂರುತ್ತಿದ್ದ. ಗಂಡ ಮನೆಯಲ್ಲೇ ಇರುವುದಿಲ್ಲ ಎಂಬುದೇ ಅವಳ ದೂರೆಂದು ಈ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ.

೨೦೦೬ರಲ್ಲಿ ಅವಳು ನವಿ ಮುಂಬಯಿಯ ಕಾಮೋಠೆಯಲ್ಲಿದ್ದ ತನ್ನ ಅಣ್ಣ ವಸಂತಕುಮಾರನ ಮನೆ ಸೇರಿದಳು. ಕೋರ್ಟು ಕಚೇರಿ ಬೇಡವೆಂದು ಸಮಾಜದ ಹಿರಿಯ ಚೆನ್ನಯಣ್ಣ, ವರ್ತಕ ನಗರದಲ್ಲಿದ್ದ ದಯಾನಂದನ ಮನೆಯಲ್ಲೇ ಎರಡೂ ಕಡೆಯವರನ್ನು ಕೂರಿಸಿದರು. ನಾಲ್ಕು ವರ್ಷದ ಮಗಳು ಅಶ್ಮಿತಾ ಅಪ್ಪನ ತೊಡೆಯ ಮೇಲಿದ್ದಳು.

"ನಮ್ಮದು ಅಳಿಯಸಂತಾನ. ಮಗು ತಾಯಿಯ ಕುಟುಂಬದ್ದು, ಸೋದರಮಾವನೇ ಯಜಮಾನ. ನೀನೆಂತ ಹೇಳ್ತಿ, ದಯಾ?"

"ನಾನು ಬೇರೆಂತ ಹೇಳುವುದು, ಚೆನ್ನಯಣ್ಣ? ಭಾವ ಕರ್ಕೊಂಡು ಹೋಗ್ಲಿ. ನಾನು ಹೋಗಿ ನೋಡ್ತಾ ಇರ್ತೇನೆ."

ದಯಾನಂದನನ್ನು ಸಾಕಿದ್ದೂ, ಕಾರ್ಕಳದಿಂದ ಮುಂಬಯಿಗೆ ಕರೆತಂದದ್ದೂ ಸೋದರಮಾವನೇ. ಸ್ವಂತ ಅಪ್ಪ ಹಬ್ಬಕ್ಕೆ ಬಂದು ಉಂಡು ಹೋಗುವ ನೆಂಟನಷ್ಟೇ ಆಗಿದ್ದ. ಹಾಗಾಗಿ ಏನನ್ನಾದರೂ ಕಳೆದುಕೊಳ್ಳುತ್ತಿದ್ದೇನೆಂದು ಅವನಿಗೆ ಅನ್ನಿಸಲೇ ಇಲ್ಲ. ಬೇರೆ ಅಪ್ಪಂದಿರು ಮಗಳನ್ನು ಮದುವೆಯ ದಿನ ಒಪ್ಪಿಸಿಕೊಡುತ್ತಾರೆ. ಇವನು ನಾಲ್ಕು ವರ್ಷಕ್ಕೇ ಒಪ್ಪಿಸಿಕೊಟ್ಟು, ಎಲ್ಲರಿಗೂ ಚಹಾ ತರಿಸಿದ.

ಆಮೇಲೆ ಶುರುವಾಯಿತು ಸಂಕಟ. ವಾರದ ರಜೆಯಲ್ಲಿ ಕಾಮೋಠೆಗೆ ಹೋದರೆ ಮಗಳಿಗೆ ಟ್ಯೂಷನ್ನು. ಇನ್ನೊಮ್ಮೆ ಹೋದರೆ ಜ್ವರ. ಮತ್ತೊಮ್ಮೆ ಬಾಗಿಲಿಗೇ ಬೀಗ. ಕೊನೆಗೆ ಭಾವ ಫೋನೂ ಎತ್ತಲಿಲ್ಲ. ಚೆನ್ನಯಣ್ಣ ತೀರಿಕೊಂಡಿದ್ದರು, ಕೇಳುವುದಾದರೂ ಯಾರನ್ನು?

೨೦೧೨ರಲ್ಲಿ ಅವನು ಥಾಣೆಯ ವಕೀಲೆ ಜಯಲತಾರ ಮುಂದೆ ಕುಳಿತ. ಕತೆ ಕೇಳಿ ಅವರಿಗೆ ಸಿಟ್ಟೇ ಬಂತು.

"ಕಾನೂನಿನಲ್ಲಿ ಮಗುವಿನ ಮೊದಲ ಗಾರ್ಡಿಯನ್ ನೀವು ಮಾರಾಯ್ರೆ! ಐದು ವರ್ಷದ ತನಕ ತಾಯಿ ಹತ್ತಿರ ಇರ್ತದೆ, ಅಷ್ಟೆ. ಮಾವ ಎಲ್ಲಿಂದ ಬಂದ? ಆಗಲೇ ಬರ್ಬಾರ್ದಿತ್ತಾ? ಈಗ ಮಗುವಿನ ಹಿತ ನೋಡ್ತಾರೆ. ಅವಳನ್ನೇ ಕರೆದು ಕೇಳ್ತಾರೆ."

ದಯಾನಂದನಿಗೆ ಮಗಳನ್ನು ಕಿತ್ತುಕೊಳ್ಳುವ ಆಸೆಯೇನೂ ಇರಲಿಲ್ಲ. ತಿಂಗಳಲ್ಲಿ ಒಂದು ಭಾನುವಾರ ಅವಳು ತನ್ನ ಮನೆಯಲ್ಲಿರಲಿ ಎಂದಷ್ಟೇ ಅರ್ಜಿ ಹಾಕಿದ. ತಾರೀಕಿನ ಮೇಲೆ ತಾರೀಕು ಬಿದ್ದು, ಕಡೆಗೆ ನ್ಯಾಯಾಧೀಶರು ಮಗಳ ಮಾತು ಕೇಳುವ ಮುನ್ನ ಅಪ್ಪ ಮಗಳನ್ನು ಒಂದು ಕೋಣೆಯಲ್ಲಿ ಕೂರಿಸಿದರು.

ಅಶ್ಮಿತಾ ಎತ್ತರವಾಗಿದ್ದಳು. ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರಿಸಿದಳು. ಆಮೇಲೆ ಅವಳೇ ಕೇಳಿದಳು: "ಮಾಮಾ ನನ್ನನ್ನು ಕಿತ್ತುಕೊಂಡು ಹೋದರಾ, ನೀವೇ ಕೊಟ್ಟಿರಾ?"

ಭಾವನೇ ಕಿತ್ತುಕೊಂಡು ಹೋದನೆನ್ನಬಹುದಿತ್ತು. ಆದರೆ ಆ ಹಾಳು ಭಾವ ಇವಳ ಫೀಸು ಕಟ್ಟಿದ್ದ, ಆಸ್ಪತ್ರೆಗೆ ಹೊತ್ತುಕೊಂಡು ಓಡಿದ್ದ. ಅವನ ಮೇಲೆ ಸುಳ್ಳು ಹೇಳಲು ದಯಾನಂದನಿಗೆ ನಾಲಿಗೆ ಏಳಲಿಲ್ಲ.

"ನಾನೇ ಕೊಟ್ಟದ್ದು ಮಗಾ. ನಮ್ಮಲ್ಲಿ ಹಾಗೇ..."

"ಆಗ ನಾನು ಅತ್ತಿದ್ದೆನಾ?"

"ತುಂಬ. ನನ್ನ ಕುತ್ತಿಗೆ ಬಿಡ್ಲೇ ಇಲ್ಲ ನೀನು."

"ಆದರೂ ಕೊಟ್ಟಿರಾ?"

ಅಷ್ಟರಲ್ಲಿ ಕೋರ್ಟಿನ ಸಿಪಾಯಿ ಬಂದು ಹುಡುಗಿಯನ್ನು ನ್ಯಾಯಾಧೀಶರ ಬಳಿಗೆ ಕರೆದ.

ಮಗಳು ಇಚ್ಛಿಸಿದಾಗ ತಂದೆ ಅವಳನ್ನು ಭೇಟಿಯಾಗಬಹುದೆಂದು ಆದೇಶವಾಯಿತು. ಅದಾದ ಮೇಲೂ ದಯಾನಂದ ಬಹಳ ವರ್ಷ ಭಾನುವಾರಗಳಂದು ಹೋಟೆಲಿಗೆ ರಜೆ ಹಾಕಿದ. ಅವಳು ಇಚ್ಛಿಸಲಿಲ್ಲ.